ಲೇಕ್ ಪ್ಲಾಸಿಡ್‌ನ ಗುಡ್ಡಗಾಡು ಸೈಕಲ್ ದಾರಿಯನ್ನು ಮೊದಲೇ ನೋಡಿ ಬರುವುದು ಹೇಗೆ?

ಓದುಗರ ಪ್ರಶ್ನೆ: ನಾನು ತುಮಕೂರಿನವನು, ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ವಯಸ್ಸು 41. ಬೆಂಗಳೂರಿನಲ್ಲಿದ್ದಾಗ ವಾರಾಂತ್ಯಕ್ಕೆ ನಂದಿ ಬೆಟ್ಟ ಹತ್ತುತ್ತಿದ್ದೆ. ಗೋವಾದಲ್ಲಿ ಅರ್ಧ ಐರನ್‌ಮ್ಯಾನ್ (ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ ಮುಗಿಸುವ ಟ್ರಯಾಥ್ಲಾನ್ ಸ್ಪರ್ಧೆ) ಮುಗಿಸಿದ್ದೇನೆ. ಬರುವ ಜುಲೈನ ಲೇಕ್ ಪ್ಲಾಸಿಡ್ ಪೂರ್ಣ ಐರನ್‌ಮ್ಯಾನ್‌ಗೆ ಹೆಸರು ಕೊಟ್ಟಿದ್ದೇನೆ. ಜೂನ್‌ನಲ್ಲಿ ಮೂರು ದಿನ ಹೆಂಡತಿ ಮಕ್ಕಳ ಜತೆ ಹೋಗಿ ಸೈಕಲ್ ದಾರಿ ನೋಡಿ ಬರೋಣ ಎಂದಿದ್ದೇನೆ. ಎರಡೂ ಸುತ್ತು, ಅಂದರೆ ಪೂರ್ತಿ 180 ಕಿ.ಮೀ. ಓಡಿಸಿ ನೋಡಬೇಕೆ, ಕಾರಿನಲ್ಲಿ ನೋಡಿದರೆ ಸಾಕೆ? ಏನೇನು ಗಮನಿಸಬೇಕು? ನಿಜ ಹೇಳಬೇಕೆಂದರೆ ನನಗೆ ಏರಿಗಿಂತ ಇಳಿಜಾರಿನ ಭಯವೇ ಹೆಚ್ಚು. ನನ್ನದು ರಿಮ್ ಬ್ರೇಕಿನ (ಚಕ್ರದ ಅಂಚನ್ನೇ ಪ್ಯಾಡ್ ಹಿಡಿಯುವ) ಟ್ರಯಾಥ್ಲಾನ್ ಸೈಕಲ್, ಆಳದ ರಿಮ್‌ನ ಕಾರ್ಬನ್ ಚಕ್ರ, ಗೇರ್ ಹಲ್ಲುಗಳು ಮುಂದೆ 53–39, ಹಿಂದೆ 11–25.

ಉತ್ತರ: ಹೋಗಿ ಬನ್ನಿ, ಖಂಡಿತ ಹೋಗಿ ಬನ್ನಿ. ಆದರೆ ಎರಡೂ ಸುತ್ತು ಓಡಿಸುವ ಆಸೆ ಬಿಡಿ. ಒಂದು ಸುತ್ತು ಕಾರಿನಲ್ಲಿ, ಒಂದು ಸುತ್ತು ಸೈಕಲ್‌ನಲ್ಲಿ, ಆಮೇಲೆ ಕೀನ್ ಎಂಬ ಊರಿಗೆ ಇಳಿಯುವ ದೊಡ್ಡ ಇಳಿಜಾರು ಮತ್ತು ಕೊನೆಯ 20 ಕಿ.ಮೀ. ಇನ್ನೊಂದು ಸಲ. ಇಷ್ಟಾದರೆ ಆ ದಾರಿ ಮೊದಲೇ ತಿಳಿಸಿಕೊಡಬಹುದಾದ್ದನ್ನೆಲ್ಲ ತಿಳಿಸಿಕೊಟ್ಟಿರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಇಳಿಜಾರಿನ ಭಯ ಎಂದು ನೇರವಾಗಿ ಬರೆದಿರುವುದು. ಗುಡ್ಡಗಾಡು ಸ್ಪರ್ಧೆಗೆ ಹೆಸರು ಕೊಟ್ಟವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ನನ್ನ ಹತ್ತಿರ ಕೇಳುವುದು ಏರಿನ ಬಗ್ಗೆ: ಎಷ್ಟು ಕಡಿದು, ಎಷ್ಟು ಉದ್ದ, ಎಲ್ಲಿ ಮುಗಿಯುತ್ತದೆ. ಏರನ್ನು ನೋಡದೇ ಹೋದರೂ ನಡೆಯುತ್ತದೆ. ಅಲ್ಲಿ ನೀವು ಗಂಟೆಗೆ 10–12 ಕಿ.ಮೀ. ವೇಗದಲ್ಲಿರುತ್ತೀರಿ, ಮುಂದೆ ಬರುವುದೆಲ್ಲ ಕಣ್ಣಿಗೆ ಬೀಳುತ್ತದೆ, ಕಾಲಿಗೆ ತಿಳಿಯುತ್ತದೆ, ತಪ್ಪಾದರೆ ಗೇರ್ ಇಳಿಸಿ ಸರಿಪಡಿಸಿಕೊಳ್ಳಬಹುದು. ಇಳಿಜಾರಿನಲ್ಲಿ 60ರ ಮೇಲೆ ಹೋಗುತ್ತಿರುವಾಗ ಸೆಕೆಂಡಿಗೆ 17 ಮೀಟರ್ ಜಾರಿಹೋಗುತ್ತದೆ. ತಿರುವು ಕಂಡ ಮೇಲೆ ಯೋಚಿಸುವಷ್ಟು ಹೊತ್ತು ಸಿಗುವುದಿಲ್ಲ. ಆ ಯೋಚನೆಯನ್ನು ಜೂನ್‌ನಲ್ಲೇ ಮುಗಿಸಿಟ್ಟುಕೊಳ್ಳಬೇಕು. ನಿಮ್ಮ ಪ್ರವಾಸದ ಮುಖ್ಯ ಕೆಲಸ ಇದೇ.

ಮೊದಲು ದಾರಿಯ ಚಿತ್ರ ಮನಸ್ಸಿಗೆ ಬರಲಿ. ಲೇಕ್ ಪ್ಲಾಸಿಡ್ ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೆ, ಅಡಿರಾಂಡಾಕ್ ಬೆಟ್ಟಗಳ ನಡುವಿನ ಸಣ್ಣ ಊರು. 1932 ಮತ್ತು 1980ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅಲ್ಲೇ. ಐರನ್‌ಮ್ಯಾನ್ 1999ರಿಂದ ನಡೆಯುತ್ತಿದೆ. ಮಿರರ್ ಲೇಕ್‌ನಲ್ಲಿ ಈಜು, ಒಲಿಂಪಿಕ್ ಓವಲ್ ಮೈದಾನದಲ್ಲಿ ಬಟ್ಟೆ ಬದಲಾವಣೆ, ಅಲ್ಲಿಂದ ಸೈಕಲ್. ಒಂದು ಸುತ್ತು ಸುಮಾರು 90 ಕಿ.ಮೀ., ಅಂಥವು ಎರಡು. ಒಟ್ಟು ಏರಿಕೆ 2,000 ಮೀಟರ್ ಆಸುಪಾಸು. ಈ ಏರಿಕೆಯ ಲೆಕ್ಕವನ್ನು ಒಂದೊಂದು ಯಂತ್ರ ಒಂದೊಂದು ಥರ ಹೇಳುತ್ತದೆ. ಕೆಲವು ಗಾಳಿಯೊತ್ತಡ ನೋಡಿ ಅಳೆಯುತ್ತವೆ, ಕೆಲವು ನಕ್ಷೆಯ ಎತ್ತರದಿಂದ ಲೆಕ್ಕ ಹಾಕುತ್ತವೆ. ಇನ್ನೂರು ಮೀಟರ್ ಹೆಚ್ಚುಕಮ್ಮಿ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ.

ಊರು ಬಿಟ್ಟು 73ನೇ ಹೆದ್ದಾರಿ ಹಿಡಿದು ಸ್ಕೀ ಜಂಪ್ ಗೋಪುರಗಳನ್ನು ದಾಟುತ್ತೀರಿ. ಅಲ್ಲಿಂದ ಕೆಲವು ಕಿ.ಮೀ. ಏರು. ಏರಿದ ಮೇಲೆ ಕ್ಯಾಸ್ಕೇಡ್ ಸರೋವರಗಳು, ಅದಾದ ಮೇಲೆ ಕೀನ್ ಎಂಬ ಊರಿಗೆ ಇಳಿಜಾರು. ಕೀನ್‌ನಲ್ಲಿ ಎಡಕ್ಕೆ ತಿರುಗಿ 9ಎನ್ ರಸ್ತೆಯಲ್ಲಿ ಔಸೇಬಲ್ ನದಿಯ ಪೂರ್ವ ಕವಲಿನ ಪಕ್ಕ ಅಪ್ಪರ್ ಜೇ, ಜೇ, ಅಲ್ಲಿಂದ ಔಸೇಬಲ್ ಫೋರ್ಕ್ಸ್ ಕಡೆಗೆ ಹೋಗಿ ತಿರುಗಿ ಬರುವುದು. ಮತ್ತೆ ಜೇಯಿಂದ 86ನೇ ರಸ್ತೆಯಲ್ಲಿ ವಿಲ್ಮಿಂಗ್ಟನ್‌ಗೆ ಏರಿ, ವೈಟ್‌ಫೇಸ್ ಬೆಟ್ಟದ ಬುಡದ ಕಣಿವೆಯಲ್ಲಿ ನುಸುಳಿ ಊರಿಗೆ ವಾಪಸ್. ತಿರುಗಿ ಬರುವ ಜಾಗ, ಊರೊಳಗಿನ ತಿರುವುಗಳು ವರ್ಷದಿಂದ ವರ್ಷಕ್ಕೆ ಅಷ್ಟಿಷ್ಟು ಬದಲಾಗುತ್ತವೆ. ಹೊರಡುವ ಮುನ್ನ ಈ ವರ್ಷದ ಸ್ಪರ್ಧಿಗಳ ಕೈಪಿಡಿಯ ನಕ್ಷೆಯನ್ನೇ ಇಳಿಸಿಕೊಳ್ಳಿ. ಯಾರೋ ಹಳೆಯ ವರ್ಷದಲ್ಲಿ ಓಡಿಸಿ ಹಂಚಿಕೊಂಡ ಫೈಲ್ ನಂಬಬೇಡಿ. ಫೋನಿಗೂ ಸೈಕಲ್ ಕಂಪ್ಯೂಟರಿಗೂ ಅದನ್ನು ಮನೆಯಲ್ಲೇ ತುಂಬಿಕೊಳ್ಳಿ, ಬೆಟ್ಟಗಳ ನಡುವೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಇನ್ನೊಂದು ಸಣ್ಣ ವಿಷಯ: ಕಂಪ್ಯೂಟರನ್ನು ಕಿಲೋಮೀಟರ್‌ನಿಂದ ಮೈಲಿಗೆ ಬದಲಿಸಿ ಅಭ್ಯಾಸ ಮಾಡಿಕೊಳ್ಳಿ. ದಾರಿಯ ಫಲಕ, ನೀರು ಕೊಡುವ ಜಾಗಗಳ ಪಟ್ಟಿ, ಎಲ್ಲವೂ ಮೈಲಿಯಲ್ಲಿರುತ್ತವೆ. ಸುಸ್ತಾದ ತಲೆಗೆ 1.6ರಿಂದ ಗುಣಿಸುವ ಕೆಲಸ ಕೊಡಬಾರದು.

ಎಡಿಸನ್‌ನಿಂದ ಹೊರಟರೆ ನೀವು ಸಾಮಾನ್ಯವಾಗಿ 87ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ 73ನೇ ರಸ್ತೆಗೆ ಇಳಿಯುತ್ತೀರಿ. ಅದು ಕೀನ್ ವ್ಯಾಲಿ, ಕೀನ್ ದಾಟಿ ಊರಿಗೆ ಕರೆದೊಯ್ಯುತ್ತದೆ. ಅಂದರೆ ಸ್ಪರ್ಧೆಯ ದೊಡ್ಡ ಇಳಿಜಾರನ್ನು ನೀವು ಊರು ಸೇರುವ ಮೊದಲೇ ಕಾರಿನಲ್ಲಿ ಉಲ್ಟಾ ಹತ್ತಿರುತ್ತೀರಿ. ಆಗ ಕಂಡದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಹತ್ತುವಾಗ ಮೆಲ್ಲನೆ ಬಾಗಿದಂತೆ ಕಂಡ ತಿರುವು ಇಳಿಯುವಾಗ ಬೇರೆಯೇ ಆಗಿ ಎದುರಾಗುತ್ತದೆ. ಮರುದಿನ ಬೆಳಗ್ಗೆ ಊರಿನಿಂದ ಹೊರಟು, ಸ್ಪರ್ಧೆಯ ದಿಕ್ಕಿನಲ್ಲೇ ಒಂದು ಸುತ್ತು ಕಾರು ಓಡಿಸಿ. ಸ್ಟೀರಿಂಗ್ ಮನೆಯವರ ಕೈಯಲ್ಲಿರಲಿ, ನೀವು ಪಕ್ಕದಲ್ಲಿ ಕೂತು ಫೋನ್‌ಗೆ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ: ‘ಏಳನೇ ಮೈಲಿ, ಎಡಕ್ಕೆ ಬಂಡೆ, ಬಲಕ್ಕೆ ನೀರು, ಇಲ್ಲಿಂದ ಕಾರು ತಾನೇ ಓಡುತ್ತಿದೆ.’ ಕಾರು ಎಲ್ಲ ಏರನ್ನೂ ಸಣ್ಣದು ಮಾಡಿ ತೋರಿಸುತ್ತದೆ. ಕಾರಿನಲ್ಲಿ ನೋಡಿ ‘ಇಷ್ಟೇನಾ’ ಎಂದವರು ಸೈಕಲ್ ಮೇಲೆ ಕಷ್ಟಪಡುವುದು ಇದಕ್ಕೇ. ಕಾರಿನ ಸುತ್ತಿನಿಂದ ಬೇಕಾದ್ದು ಇಷ್ಟೇ: ಯಾವುದಾದ ಮೇಲೆ ಯಾವುದು ಬರುತ್ತದೆ, ರಸ್ತೆಯ ಅಂಚು ಎಲ್ಲಿ ಒಡೆದಿದೆ, ಎಲ್ಲಿ ಕಾಮಗಾರಿ ನಡೆದಿದೆ.

ಇನ್ನು ಕೀನ್ ಇಳಿಜಾರು. ಸರೋವರಗಳ ಹತ್ತಿರದಿಂದ ಕೀನ್‌ವರೆಗೆ ಸುಮಾರು 10 ಕಿ.ಮೀ.ಯಲ್ಲಿ 350 ಮೀಟರ್ ಇಳಿಯುತ್ತೀರಿ. ಸರಾಸರಿ ಮೂರೂವರೆ ಶೇಕಡಾ ಎಂದರೆ ಏನೂ ಅಲ್ಲ ಎನಿಸಬಹುದು. ಆದರೆ ಇಳಿತ ಸಮನಾಗಿ ಹರಡಿಲ್ಲ. ಸರೋವರಗಳ ಪಕ್ಕದಲ್ಲಿ ರಸ್ತೆ ಹೆಚ್ಚುಕಡಿಮೆ ಸಮತಟ್ಟು, ಆಮೇಲೆ ಒಂದೇ ಸಲ ಬೀಳುತ್ತದೆ, ತುಸು ಸುಧಾರಿಸಿಕೊಳ್ಳುತ್ತದೆ, ಮತ್ತೆ ಬೀಳುತ್ತದೆ. ಬೀಳುವ ಕಡೆಗಳಲ್ಲಿ ಇಳಿಜಾರು ಸರಾಸರಿಯ ಎರಡರಷ್ಟು.

ನಿಮಗೆ ನಂದಿ ಗೊತ್ತು, ಅದರ ಪಕ್ಕ ಇಟ್ಟೇ ಹೇಳುತ್ತೇನೆ. ನಂದಿ ಇಳಿಯುವಾಗ ಹಿಮ್ಮುರಿ ತಿರುವುಗಳು ಒಂದರ ಹಿಂದೊಂದು ಬಂದು ನಿಮ್ಮನ್ನು ತಡೆಯುತ್ತವೆ. ವೇಗ ಏರುವ ಮೊದಲೇ ಬ್ರೇಕ್ ಹಿಡಿಯಲೇಬೇಕು, ಹಾಗಾಗಿ ವೇಗ ಯಾವಾಗಲೂ ಕೈಯಳತೆಯಲ್ಲೇ ಇರುತ್ತದೆ. ಕೀನ್‌ನಲ್ಲಿ ಹಿಮ್ಮುರಿ ತಿರುವಿಲ್ಲ, ಎಲ್ಲ ಅಗಲವಾದ ಉದ್ದುದ್ದ ಬಾಗು. ತಡೆಯುವವರಿಲ್ಲದ ಕಾರಣ ಬ್ರೇಕ್ ಮುಟ್ಟದೆ ಬಿಟ್ಟರೆ 70 ಕಿ.ಮೀ. ದಾಟುವುದು ಸಲೀಸು. ನಂದಿಯಲ್ಲಿ ಕಲಿತ ಕೈಗೆ ಇದು ಹೊಸ ಪಾಠ. ಅಲ್ಲಿ ಹೆದರಿಸುವುದು ತಿರುವು, ಇಲ್ಲಿ ಬರೀ ವೇಗ.

ಸರೋವರಗಳ ಹತ್ತಿರ ಒಂದು ವಿಷಯ ಕಣ್ಣಾರೆ ನೋಡಿ. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ತಡೆಬೇಲಿ, ಬೇಲಿಯ ಆಚೆಗೇ ನೀರು. ಎರಡು ಬೆಟ್ಟಗಳ ನಡುವಿನ ಆ ಸಂದಿನಲ್ಲಿ ಗಾಳಿ ಒಮ್ಮೊಮ್ಮೆ ಅಡ್ಡಡ್ಡ ಬೀಸುತ್ತದೆ. ಹಿಂದಿನ ಚಕ್ರ ಎಷ್ಟು ಆಳದ್ದಿದ್ದರೂ ನಡೆಯುತ್ತದೆ, ಗಾಳಿ ಹಿಡಿದು ತಿರುಗಿಸುವುದು ಮುಂದಿನ ಚಕ್ರವನ್ನು. 60 ಮಿಲಿಮೀಟರ್ ಆಳದ ಮುಂಚಕ್ರ ಹಾಕಿಕೊಂಡು ಏರೋಬಾರ್ (ಮೊಣಕೈ ಊರಿ ಮುಂದಕ್ಕೆ ಬಾಗಲು ಹ್ಯಾಂಡಲ್‌ಗೆ ಕೂಡಿಸಿದ ಹಿಡಿಕೆ) ಮೇಲೆ ಮಲಗಿದ್ದವರನ್ನು ಇಂಥ ಗಾಳಿ ಅರ್ಧ ಮೀಟರ್ ಪಕ್ಕಕ್ಕೆ ತಳ್ಳಿಬಿಡಬಲ್ಲದು. ನಿಮ್ಮ ತೂಕ ಕಡಿಮೆಯಿದ್ದರೆ ಮುಂದಕ್ಕೆ 40ರ ಆಸುಪಾಸಿನ ಚಕ್ರವೇ ಸಾಕು. ಜೂನ್‌ಗೆ ಹೋಗುವಾಗ ಸ್ಪರ್ಧೆಗೆ ಹಾಕುವ ಚಕ್ರಗಳನ್ನೇ ತೆಗೆದುಕೊಂಡು ಹೋಗಿ. ಗಟ್ಟಿ ತರಬೇತಿ ಚಕ್ರದಲ್ಲಿ ಇಳಿದು ಕಲಿತ ಧೈರ್ಯ ಜುಲೈನಲ್ಲಿ ಕೆಲಸಕ್ಕೆ ಬಾರದು.

ಇಳಿಯುವ ಕ್ರಮ ಹೀಗಿರಲಿ. ಟ್ರಯಾಥ್ಲಾನ್ ಸೈಕಲ್‌ನಲ್ಲಿ ಬ್ರೇಕಿನ ಹಿಡಿಕೆ ಇರುವುದು ಹೊರಗಿನ ಹ್ಯಾಂಡಲ್‌ನಲ್ಲಿ, ಏರೋಬಾರ್‌ನಲ್ಲಲ್ಲ. ಸರೋವರ ಕಂಡ ಕೂಡಲೇ ಕೈ ಹೊರಗಿನ ಹ್ಯಾಂಡಲ್‌ಗೆ ಬರಲಿ, ಎರಡು ಬೆರಳು ಬ್ರೇಕಿನ ಮೇಲಿರಲಿ, ಕೀನ್ ತಲುಪುವವರೆಗೂ ಹಾಗೇ ಇರಲಿ. ಬ್ರೇಕ್ ಹಿಡಿಯುವುದು ಬಾಗಿಗೆ ಮುಂಚೆ, ಸೈಕಲ್ ನೆಟ್ಟಗಿರುವಾಗ. ಬಾಗಿನೊಳಗೆ ಹೋದ ಮೇಲೆ ಹೊರಗಿನ ಪೆಡಲ್ ಕೆಳಗೆ ಒತ್ತಿ ಅದರ ಮೇಲೆ ಭಾರ ಹಾಕಿ, ಕಣ್ಣು ಬಾಗಿನ ಕೊನೆಯ ಮೇಲೆ ನೆಡಿ. ಗುಂಡಿ ನೋಡುತ್ತ ಹೋದರೆ ಸೈಕಲ್ ಗುಂಡಿಗೇ ಹೋಗುತ್ತದೆ. ಒಂದೇ ಸಮನೆ ಬ್ರೇಕ್ ಉಜ್ಜುತ್ತ ಇಳಿಯಬೇಡಿ. ಗಟ್ಟಿಯಾಗಿ ಹಿಡಿದು, ವೇಗ ಇಳಿಸಿ, ಪೂರ್ತಿ ಬಿಟ್ಟು, ರಿಮ್‌ಗೆ ಆರಲು ಬಿಡುವು ಕೊಡಿ. ಕಾರ್ಬನ್ ರಿಮ್ ಅಲ್ಯೂಮಿನಿಯಂನಂತೆ ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ. ರಿಮ್ ಬ್ರೇಕಿನ ಕಾರ್ಬನ್ ಚಕ್ರದೊಳಗೆ ಲೇಟೆಕ್ಸ್ ಟ್ಯೂಬ್ ಇದ್ದರೆ ದಯವಿಟ್ಟು ಈಗಲೇ ತೆಗೆಸಿ ಬ್ಯೂಟೈಲ್ ಹಾಕಿಸಿ, ಉದ್ದ ಇಳಿಜಾರಿನ ಬಿಸಿಗೆ ಲೇಟೆಕ್ಸ್ ಸಿಡಿಯುವ ಅಪಾಯವಿದೆ. ಬ್ರೇಕ್ ಪ್ಯಾಡ್ ಕೂಡ ಕಾರ್ಬನ್‌ಗೆಂದೇ ಮಾಡಿದ್ದು, ಹೊಸದು ಇರಲಿ. ಮಳೆ ಬಂದರೆ ಬ್ರೇಕ್ ಹಿಡಿದಾಗ ಚಕ್ರದ ಮೊದಲ ಒಂದೆರಡು ಉರುಳು ಪ್ಯಾಡ್ ನೀರನ್ನು ಒರೆಸುವುದರಲ್ಲೇ ಕಳೆಯುತ್ತದೆ, ಹಿಡಿತ ಆಮೇಲೆ ಬರುತ್ತದೆ. ಒಣ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ ನಿಲ್ಲಲು, ಯೋಚಿಸುವ ಒಂದು ಸೆಕೆಂಡೂ ಸೇರಿ, 45 ಮೀಟರ್ ಬೇಕು ಎಂದಿಟ್ಟುಕೊಳ್ಳಿ. ಒದ್ದೆ ರಸ್ತೆಗೆ ಅದಕ್ಕಿಂತ ಎಷ್ಟೋ ಹೆಚ್ಚು.

ಇಳಿಜಾರಿನ ಕೊನೆಗೆ, ಕೀನ್ ಊರಲ್ಲಿ, ಎಡ ತಿರುವಿದೆ ಎಂದೆನಲ್ಲ. ಅಲ್ಲಿಗೆ ಮುಟ್ಟುವಾಗ ಎಲ್ಲರ ಮೈಯಲ್ಲೂ ವೇಗದ ಅಮಲಿರುತ್ತದೆ. 50 ಎಂದರೆ ನಿಧಾನ ಅನಿಸುವ ಹೊತ್ತು ಅದು. ತಿರುವಿಗೆ ಎಷ್ಟು ಮುಂಚೆ ಬ್ರೇಕ್ ಹಿಡಿಯಬೇಕು ಎಂಬುದಕ್ಕೆ ಒಂದು ಗುರುತು ಹುಡುಕಿಟ್ಟುಕೊಳ್ಳಿ. ಒಂದು ಕಟ್ಟಡವೋ, ಫಲಕವೋ, ಏನಾದರೂ ಸರಿ. ಜುಲೈನಲ್ಲಿ ಅಲ್ಲಿ ಜನ, ಬೇಲಿ, ಬಾವುಟ ಎಲ್ಲ ಇರುತ್ತವೆ, ಹಾಗಾಗಿ ಗುರುತು ಎತ್ತರದ್ದಾಗಿರಲಿ.

ಈ ಇಳಿಜಾರನ್ನು ಜೂನ್‌ನಲ್ಲಿ ಎರಡು ಸಲ ಇಳಿದರೆ ಒಳ್ಳೆಯದು. ಮೊದಲ ಸಲ 40 ಮೀರದಂತೆ, ಎರಡನೇ ಸಲ ನಿಮಗೆ ಸಲೀಸೆನಿಸುವಷ್ಟು. ಅದಕ್ಕಾಗಿ ಮತ್ತೆ ಸೈಕಲ್‌ನಲ್ಲಿ ಹತ್ತಬೇಡಿ. ವಾಹನಗಳ ನಡುವೆ ಆ ಏರು ಹತ್ತಿ ಮೈ ಹಣ್ಣು ಮಾಡಿಕೊಳ್ಳುವುದರಿಂದ ಲಾಭವಿಲ್ಲ. ಮನೆಯವರು ಕೀನ್‌ನಲ್ಲಿ ಕಾರು ನಿಲ್ಲಿಸಿಕೊಂಡಿರಲಿ, ಸೈಕಲ್ ಏರಿಸಿಕೊಂಡು ಮೇಲಕ್ಕೆ ಬಿಡಲಿ. ಕಾರು ನಿಮ್ಮ ಹಿಂದೆಯೇ ಬರುವುದು ಬೇಡ, ಹಿಂದಿನವರು ಸಿಟ್ಟಿನಿಂದ ಮುನ್ನುಗ್ಗುವ ಪರಿಸ್ಥಿತಿ ಆಗುತ್ತದೆ. ಬೆಳಗ್ಗೆ ಬೇಗ ಹೋಗಿ. ಶನಿವಾರ, ಭಾನುವಾರ ಹೊತ್ತೇರಿದಂತೆ 73ನೇ ರಸ್ತೆಯ ಬದಿಯಲ್ಲಿ ಚಾರಣಿಗರ ಕಾರುಗಳು ಸಾಲುಗಟ್ಟುತ್ತವೆ. ಬಾಗಿಲು ಯಾವಾಗ ತೆರೆದುಕೊಳ್ಳುತ್ತದೋ ಹೇಳಲಾಗದು. ಶುಕ್ರವಾರ ಬೆಳಗ್ಗೆಯೇ ವಾಸಿ.

ಈಗ ಸಮಯದ ಲೆಕ್ಕ ನೋಡಿ, ನಿಮ್ಮ ಭಯಕ್ಕೆ ಇದು ಔಷಧವಾದೀತು. ಆ 10 ಕಿ.ಮೀ. ಇಳಿಜಾರನ್ನು ಸರಾಸರಿ 60ರಲ್ಲಿ ಇಳಿದರೆ 10 ನಿಮಿಷ, 45ರಲ್ಲಿ ಇಳಿದರೆ 13 ನಿಮಿಷ 20 ಸೆಕೆಂಡು. ಎರಡೂ ಸುತ್ತು ಸೇರಿ ವ್ಯತ್ಯಾಸ ಏಳು ನಿಮಿಷಕ್ಕೂ ಕಡಿಮೆ. ಹದಿನಾಲ್ಕು ಹದಿನೈದು ಗಂಟೆಯ ದಿನದಲ್ಲಿ ಏಳು ನಿಮಿಷ! ಬಟ್ಟೆ ಬದಲಿಸುವ ಕೋಣೆಯಲ್ಲಿ ಅಷ್ಟು ಹೊತ್ತು ಸುಮ್ಮನೆ ಹೋಗುತ್ತದೆ. ಪಕ್ಕದಿಂದ ಜನ ಸುಯ್ಯೆಂದು ದಾಟಿ ಹೋದರೆ ಹೋಗಲಿ. ನೀವು ಬಲ ಬದಿಗೆ, ನಿಮ್ಮ ಗೆರೆ ಬಿಡದೆ, ಹಠಾತ್ತನೆ ಅತ್ತಿತ್ತ ಹೊರಳದೆ ಇಳಿಯಿರಿ. ಇಲ್ಲಿ ಕಳೆದುಕೊಂಡ ಏಳು ನಿಮಿಷದ ಬಗ್ಗೆ ಅಂತಿಮ ಗೆರೆಯಲ್ಲಿ ಯಾರೂ ಕೇಳುವುದಿಲ್ಲ.

ಚಳಿಯ ಬಗ್ಗೆ ಮರೆಯಬಾರದು. ಜುಲೈ ಆದರೂ ಅಲ್ಲಿ ಬೆಳಗಿನ ಜಾವ 12 ಡಿಗ್ರಿ ಆಸುಪಾಸಿರುವುದು ಸಾಮಾನ್ಯ. ನೀರಿನಿಂದ ಎದ್ದು ಒದ್ದೆ ಬಟ್ಟೆಯಲ್ಲಿ ಏರು ಹತ್ತಿ ಬೆವತು, ಆಮೇಲೆ ಹತ್ತು ನಿಮಿಷ ಗಾಳಿಗೆ ಮೈಯೊಡ್ಡಿದರೆ ನಡುಕ ಬರುತ್ತದೆ. ನಡುಗುವ ತೋಳು ಹ್ಯಾಂಡಲ್ ಅನ್ನೂ ನಡುಗಿಸುತ್ತದೆ, ಕೆಲವರಿಗೆ ಮುಂಚಕ್ರ ಅದುರತೊಡಗುತ್ತದೆ. ಹಾಗಾದರೆ ಹ್ಯಾಂಡಲ್ ಬಿಗಿ ಹಿಡಿಯಬೇಡಿ, ಎರಡೂ ಮೊಣಕಾಲಿನಿಂದ ಸೈಕಲ್‌ನ ಮೇಲಿನ ಕೊಳವೆಯನ್ನು ಒತ್ತಿ ಹಿಡಿಯಿರಿ, ಹಿಂದಿನ ಬ್ರೇಕನ್ನು ಮೆಲ್ಲಗೆ ಹಾಕಿ. ಅದುರುವುದು ನಿಲ್ಲುತ್ತದೆ. ಇದನ್ನು ಮೊದಲೇ ತಿಳಿದವರು ಗಾಬರಿಯಾಗುವುದಿಲ್ಲ. ಜೂನ್‌ನ ಸವಾರಿಗೆ ಬೆಳಗ್ಗೆ ಏಳರ ಒಳಗೆ ಹೊರಡಿ ಎಂದು ಹೇಳುವುದು ಇದಕ್ಕೂ ಸೇರಿಯೇ. ತೆಳು ಕೋಟು, ತೋಳುಗವಸು ಬೇಕೋ ಬೇಡವೋ ಎಂಬುದು ಅವತ್ತೇ ಗೊತ್ತಾಗಲಿ.

ಕೀನ್ ದಾಟಿದ ಮೇಲೆ 9ಎನ್ ರಸ್ತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನದಿಯ ಜತೆ ಇಳಿಯುತ್ತ ಹೋಗುವ, ಹೆಚ್ಚುಕಡಿಮೆ ಸಮತಟ್ಟಾದ ದಾರಿ. ಏರೋಬಾರ್ ಮೇಲೆ ಮಲಗಿ, ಒಂದೇ ಹದದಲ್ಲಿ ತುಳಿದು, ಹೊಟ್ಟೆ ತುಂಬಿಸಿಕೊಳ್ಳುವ ಜಾಗ. ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುವ ಯೋಜನೆಯಿದ್ದರೆ ಅದರ ದೊಡ್ಡ ಪಾಲು ಇಲ್ಲಿ ಮುಗಿಯಲಿ. ಇಳಿಜಾರಿನಲ್ಲಿ ಕೈ ಬಿಡಲಾಗದು, ಏರಿನಲ್ಲಿ ಅಗಿಯಲಾಗದು.

ಜೇಯಿಂದ ವಿಲ್ಮಿಂಗ್ಟನ್‌ಗೆ ಏರುವ ದಾರಿಯ ಮೊದಲ ಭಾಗ ಎಲ್ಲಕ್ಕಿಂತ ಗಟ್ಟಿ. ಸಮತಟ್ಟಾದ ದಾರಿಯಿಂದ ತಿರುಗಿದ ಕೂಡಲೇ ಬರುತ್ತದೆ, ಆದ್ದರಿಂದ ತಿರುವಿಗೆ ಮುಂಚೆಯೇ ಸಣ್ಣ ಚೈನ್‌ರಿಂಗ್‌ಗೆ, ಅಂದರೆ ಪೆಡಲ್ ಪಕ್ಕದ ಸಣ್ಣ ಹಲ್ಲುಚಕ್ರಕ್ಕೆ, ಬನ್ನಿ. ತಿರುಗಿದ ಮೇಲೆ ಭಾರ ಹಾಕಿಕೊಂಡು ಗೇರ್ ಬದಲಿಸಹೋದರೆ ಚೈನ್ ಕಳಚುತ್ತದೆ. ಜೂನ್‌ನಲ್ಲಿ ಆ ತಿರುವನ್ನು ಎರಡು ಸಲ ಅಭ್ಯಾಸ ಮಾಡಲು ಐದು ನಿಮಿಷ ಸಾಕು.

ನಿಮ್ಮ ಗೇರ್ ನನಗೆ ಒಪ್ಪಿಗೆಯಿಲ್ಲ. ಲೆಕ್ಕ ಹೇಳುತ್ತೇನೆ. ನೀವು, ಸೈಕಲ್, ನೀರು ಎಲ್ಲ ಸೇರಿ 85 ಕಿಲೋ ಎಂದಿಟ್ಟುಕೊಳ್ಳೋಣ, ಆರು ಶೇಕಡಾ ಏರು. 39–25ರಲ್ಲಿ ನಿಮಿಷಕ್ಕೆ 70 ಸಲ ಪೆಡಲ್ ತಿರುಗಬೇಕೆಂದರೆ ಗಂಟೆಗೆ 14 ಕಿ.ಮೀ. ಹತ್ತಿರ ಹೋಗಬೇಕು, ಅದಕ್ಕೆ ಸುಮಾರು 220 ವಾಟ್ ಬೇಕು. ಅದೇ 34–32 ಇದ್ದರೆ 70 ಸಲ ತಿರುಗಿಸಿಕೊಂಡೇ 9.4 ಕಿ.ಮೀ.ಯಲ್ಲಿ, 150 ವಾಟ್ ಒಳಗೆ ಹತ್ತಬಹುದು. ಒಂದು ಗಂಟೆ ಎಳೆಯಬಲ್ಲ ನಿಮ್ಮ ಗರಿಷ್ಠ ಶಕ್ತಿ, ಅಂದರೆ ಎಫ್‌ಟಿಪಿ, 200 ವಾಟ್ ಇದ್ದರೆ 39–25 ನಿಮ್ಮನ್ನು ಪ್ರತಿ ಏರಿನಲ್ಲೂ ಮಿತಿ ದಾಟಿಸುತ್ತದೆ, ಇಲ್ಲವೇ ನಿಮಿಷಕ್ಕೆ 50 ಸಲ ತಿರುಗಿಸಿ ಮೊಣಕಾಲು, ತೊಡೆ ಹಿಂಡುತ್ತದೆ. ಹಿಂಡಿದ ತೊಡೆಯಲ್ಲಿ 42 ಕಿ.ಮೀ. ಓಡಬೇಕು ಎಂಬುದು ನೆನಪಿರಲಿ. 39ರ ಚೈನ್‌ರಿಂಗ್ ಹಾಕುವ ಹಳೆಯ ಮಾದರಿಯ ಕ್ರ್ಯಾಂಕ್‌ಗೆ (ಪೆಡಲ್ ಕೂರುವ ತೋಳಿಗೆ) 34 ಕೂರುವುದಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕಾಗಬಹುದು. ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎಷ್ಟು ಹಲ್ಲಿನವರೆಗೆ ತಾಳುತ್ತದೆ ಎಂದೂ ಕೇಳಿ, ಗಿಡ್ಡ ಕೇಜಿನದಾದರೆ 28ರಲ್ಲೇ ನಿಲ್ಲಬಹುದು. ಈ ಕೆಲಸ ಜೂನ್‌ಗೆ ಮುಂಚೆ ಮುಗಿಯಲಿ, ನೋಡಲು ಹೋಗುವುದೇ ಹೊಸ ಗೇರ್‌ನಲ್ಲಿ.

ವಿಲ್ಮಿಂಗ್ಟನ್‌ನಿಂದ ಊರಿಗೆ ಸುಮಾರು 20 ಕಿ.ಮೀ. ಈ ಸ್ಪರ್ಧೆಯ ಹಣೆಬರಹ ಬರೆಯುವುದು ಇದೇ ಭಾಗ, ಅದರಲ್ಲೂ ಎರಡನೇ ಸುತ್ತಿನಲ್ಲಿ. ದಾರಿ ಔಸೇಬಲ್ ನದಿಯ ಪಶ್ಚಿಮ ಕವಲಿನ ಎದುರು ದಿಕ್ಕಿಗೆ ಹೋಗುತ್ತದೆ. ನದಿ ನಿಮ್ಮೆದುರಿಗೆ ಹರಿದು ಬರುತ್ತಿದೆ ಎಂದರೆ ನೀವು ಏರುತ್ತಿದ್ದೀರಿ ಎಂದೇ ಅರ್ಥ, ಕಣ್ಣಿಗೆ ಸಮತಟ್ಟು ಕಂಡರೂ. ಬಹಳ ಸಲ ಎದುರುಗಾಳಿಯೂ ಸೇರುತ್ತದೆ. ಇಲ್ಲಿ ವೇಗ 18–20ಕ್ಕೆ ಇಳಿದಾಗ ತಮಗೇನೋ ಆಗಿದೆ, ಶಕ್ತಿ ಮುಗಿಯಿತು ಎಂದು ಜನ ಹೆದರಿ ಜೋರಾಗಿ ತುಳಿಯತೊಡಗುತ್ತಾರೆ. ಏನೂ ಆಗಿರುವುದಿಲ್ಲ, ದಾರಿಯೇ ಹಾಗಿದೆ. ಇದನ್ನು ಜೂನ್‌ನಲ್ಲಿ ತಾಜಾ ಕಾಲಿನಲ್ಲಿ ಅನುಭವಿಸಿದವರಿಗೆ ಜುಲೈನಲ್ಲಿ ಆ ಹೆದರಿಕೆ ಇರುವುದಿಲ್ಲ. ಆ 20 ಕಿ.ಮೀ.ಗೆ ನಿಮ್ಮ ಸ್ಪರ್ಧೆಯ ಹದದಲ್ಲಿ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ನೀವು ಹಿಂದಿರುಗುವಾಗ ತರಬೇಕಾದ ಅಂಕಿಗಳಲ್ಲಿ ಅದಕ್ಕಿಂತ ಬೆಲೆಯದ್ದು ಇನ್ನೊಂದಿಲ್ಲ.

ಊರು ಹತ್ತಿರವಾದಂತೆ ಸಣ್ಣ ದಿಬ್ಬಗಳ ಸಾಲು. ಮೊದಲು ಎರಡು ‘ಚೆರ್ರಿ’ಗಳು, ಆಮೇಲೆ ಮೂರು ‘ಕರಡಿ’ಗಳು: ಮಾಮಾ ಬೇರ್, ಬೇಬಿ ಬೇರ್, ಪಾಪಾ ಬೇರ್. ಅಲ್ಲಿನ ಸ್ಪರ್ಧಿಗಳೆಲ್ಲ ಇದೇ ಹೆಸರಿನಿಂದ ಕರೆಯುತ್ತಾರೆ. ನಂದಿಯ ಕೊನೆಯ ತಿರುವುಗಳಷ್ಟು ಕಡಿದಾದ್ದು ಯಾವುದೂ ಅಲ್ಲ, ಉದ್ದವೂ ಇಲ್ಲ. ಆದರೆ ಪಾಪಾ ಬೇರ್ ಮೇಲೆ ಜನ ಎರಡೂ ಬದಿಗೆ ನಿಂತು ಕೂಗಿ ಹುರಿದುಂಬಿಸುತ್ತಾರೆ. ಆ ಸದ್ದಿಗೆ ಮೈ ಮರೆತು ಸೀಟಿನಿಂದ ಎದ್ದು 300 ವಾಟ್ ತುಳಿಯುವವರನ್ನು ನಾನು ನೋಡಿದ್ದೇನೆ. ಆಮೇಲೆ ಓಟದಲ್ಲಿ ರಿವರ್ ರೋಡ್ ಮೇಲೆ ಅವರೇ ನಡೆಯುತ್ತಿರುತ್ತಾರೆ. 200 ಎಫ್‌ಟಿಪಿಯವರಿಗೆ ನಾನು ಹೇಳುವ ಮಿತಿ: ಸಮತಟ್ಟಿನಲ್ಲಿ 140, ಏರಿನಲ್ಲಿ 160ರಿಂದ 170, ಅದಕ್ಕಿಂತ ಮೇಲೆ ಯಾವ ಕಾರಣಕ್ಕೂ ಬೇಡ. ಏರಿನಲ್ಲಿ ತುಸು ಹೆಚ್ಚು ತುಳಿಯುವುದರಲ್ಲಿ ಅರ್ಥವಿದೆ, ಅಲ್ಲಿ ಗಾಳಿಯ ತಡೆ ಕಡಿಮೆ, ಹಾಕಿದ ಶಕ್ತಿಗೆ ವೇಗ ಸಿಗುತ್ತದೆ. ಇಳಿಜಾರಿನಲ್ಲಿ 50 ದಾಟಿದ ಮೇಲೆ ತುಳಿಯುವುದೇ ವ್ಯರ್ಥ.

ಮೂರು ದಿನವನ್ನು ಹೀಗೆ ಹಂಚಿ. ಗುರುವಾರ ರಾತ್ರಿ ತಲುಪಿ, ಶುಕ್ರವಾರ ಬೆಳಗ್ಗೆ ಕಾರಿನ ಸುತ್ತು, ಅದರ ಜತೆಗೇ ಕೀನ್ ಇಳಿಜಾರಿನ ಎರಡು ಅಭ್ಯಾಸ. ಶನಿವಾರ ಬೆಳಗ್ಗೆ ಸೈಕಲ್‌ನಲ್ಲಿ ಒಂದು ಪೂರ್ತಿ ಸುತ್ತು. ಮೊದಲ 70 ಕಿ.ಮೀ. ಆರಾಮಾಗಿ, ವಿಲ್ಮಿಂಗ್ಟನ್‌ನಿಂದ ಮುಂದಕ್ಕೆ ಸ್ಪರ್ಧೆಯ ಹದದಲ್ಲಿ. ಅಂದು ಸ್ಪರ್ಧೆಗೆ ಇಟ್ಟುಕೊಂಡ ತಿಂಡಿಯನ್ನೇ ತಿನ್ನಿ. ಭಾನುವಾರ ಕೊನೆಯ 20 ಕಿ.ಮೀ. ಮತ್ತೊಂದು ಸಲ, ಇಳಿದ ಕೂಡಲೇ ರಿವರ್ ರೋಡ್ ಮೇಲೆ ಅರ್ಧ ಗಂಟೆ ಓಟ. ಊರಿನಿಂದ ಸ್ಕೀ ಜಂಪ್ ಕಡೆಗೆ ಇಳಿದ ರಸ್ತೆಯನ್ನೇ ಓಟದಲ್ಲಿ ವಾಪಸ್ ಹತ್ತಬೇಕಾಗುತ್ತದೆ, ಅದನ್ನೂ ಕಾಲಿಗೆ ಪರಿಚಯ ಮಾಡಿಸಿ. ಪೂರ್ತಿ 180 ಓಡಿಸಿದರೆ ಮೈ ಸುಧಾರಿಸಿಕೊಳ್ಳಲು ವಾರಕ್ಕೂ ಹೆಚ್ಚು ಬೇಕು, ತರಬೇತಿಯ ಅತಿ ಮುಖ್ಯ ವಾರಗಳಲ್ಲಿ ಅದು ದುಬಾರಿ. ಹಾಗೆಂದೇ ಸ್ಪರ್ಧೆಗೆ ನಾಲ್ಕರಿಂದ ಆರು ವಾರ ಮುಂಚೆ ಹೋಗಿ. ಜೂನ್ ಮೊದಲರ್ಧದಲ್ಲಿ ಕಪ್ಪು ನೊಣಗಳ ಕಾಟ ಜೋರು, ನಿಂತರೆ ಮುತ್ತಿಕೊಂಡು ಕಚ್ಚುತ್ತವೆ. ಮಕ್ಕಳಿರುವುದರಿಂದ ತಿಂಗಳ ಕೊನೆಯೇ ಒಳ್ಳೆಯದು.

ಮನೆಯವರನ್ನು ಮೂರು ದಿನವೂ ಕಾಯಿಸಬೇಡಿ. ವಿಲ್ಮಿಂಗ್ಟನ್ ಹತ್ತಿರ ಮಕ್ಕಳಿಗೆಂದೇ 1949ರಿಂದ ನಡೆದುಬಂದಿರುವ ಸಾಂಟಾಸ್ ವರ್ಕ್‌ಶಾಪ್ ಉದ್ಯಾನವಿದೆ, ದಾರಿಯಲ್ಲೇ ಹೈ ಫಾಲ್ಸ್ ಜಲಪಾತವಿದೆ. ವೈಟ್‌ಫೇಸ್ ಬೆಟ್ಟದ ತುದಿಯ ಹತ್ತಿರದವರೆಗೂ ಕಾರು ಹೋಗುವ ರಸ್ತೆಯಿದೆ. ಆ ಬೆಟ್ಟದ ಎತ್ತರ 1,483 ಮೀಟರ್, ನಮ್ಮ ನಂದಿಗಿಂತ ಐದೇ ಮೀಟರ್ ಹೆಚ್ಚು. ಮಕ್ಕಳಿಗೆ ಹೇಳಿ, ಖುಷಿಪಡುತ್ತಾರೆ.

ಇನ್ನು ಅಲ್ಲಿಗೆ ಹೋಗುವ ಮೊದಲು ಇಳಿಯುವ ಅಭ್ಯಾಸಕ್ಕೆ ನಿಮ್ಮ ಹತ್ತಿರದ ಜಾಗ ಹ್ಯಾರಿಮನ್ ಪಾರ್ಕ್ ಮತ್ತು ಬೇರ್ ಮೌಂಟನ್. ಪರ್ಕಿನ್ಸ್ ಡ್ರೈವ್ ರಸ್ತೆಯನ್ನು ಬೆಳಗ್ಗೆ ಬೇಗ ಹತ್ತಿ, ಟ್ರಯಾಥ್ಲಾನ್ ಸೈಕಲ್‌ನಲ್ಲೇ ಇಳಿದು ನೋಡಿ, ಪ್ರತಿ ಸಲವೂ ಬಾಗಿಗೆ ಮುಂಚೆಯೇ ಬ್ರೇಕ್ ಮುಗಿಸುವ ಅಭ್ಯಾಸ ಮಾಡಿ. ಮನೆಯೊಳಗಿನ ಟ್ರೇನರ್‌ಗೆ ದಾರಿಯ ಫೈಲ್ ಹಾಕಿ ಏರು ಕಲಿಯಬಹುದು, ಇಳಿಜಾರು ಕಲಿಯಲಾಗದು. ವಿಡಿಯೋ ನೋಡುವುದೂ ಅಷ್ಟೇ, ಕ್ಯಾಮೆರಾ ಎಲ್ಲ ಇಳಿಜಾರನ್ನೂ ಚಪ್ಪಟೆ ಮಾಡಿ ತೋರಿಸುತ್ತದೆ.

ಸ್ಪರ್ಧೆಯ ವಾರ ತಲುಪಿದ ಮೇಲೆ ಮತ್ತೆ ಸುತ್ತು ಹಾಕಬೇಡಿ. ಕೀನ್‌ವರೆಗೆ ಕಾರಿನಲ್ಲಿ ಹೋಗಿ ರಸ್ತೆಗೆ ಹೊಸದಾಗಿ ಜಲ್ಲಿ, ಬಿರುಕು, ತೇಪೆ ಏನಾದರೂ ಬಂದಿದೆಯೇ ಎಂದು ಒಮ್ಮೆ ನೋಡಿದರೆ ಆಯಿತು. ಜೂನ್‌ನಲ್ಲಿ ರೆಕಾರ್ಡ್ ಮಾಡಿದ ನಿಮ್ಮ ಮಾತನ್ನು ಹಿಂದಿನ ರಾತ್ರಿ ಕೇಳಿ, ಅದರಿಂದ ಐದಾರು ಸಾಲು ಮಾತ್ರ ತೆಗೆದು ಸಣ್ಣ ಚೀಟಿಯಲ್ಲಿ ಬರೆದು ಸೈಕಲ್‌ನ ಮೇಲಿನ ಕೊಳವೆಗೆ ಟೇಪ್‌ನಿಂದ ಅಂಟಿಸಿ: ಸರೋವರ ಬಂತು, ಕೈ ಹೊರಗೆ. ಕೀನ್ ತಿರುವು, ಮುಂಚೆಯೇ ಬ್ರೇಕ್. ನದಿ ಪಕ್ಕ, ತಿನ್ನು. ಜೇ ತಿರುವು, ಸಣ್ಣ ಗೇರ್. ಕೊನೆಯ 12 ಮೈಲಿ, ವೇಗ ನೋಡಬೇಡ, ವಾಟ್ ನೋಡು. ಚೀಟಿಯ ಮೇಲೆ ಪಾರದರ್ಶಕ ಟೇಪ್ ಹಾಕುವುದನ್ನು ಮರೆಯಬೇಡಿ, ಬೆವರಿಗೂ ಮಳೆಗೂ ಶಾಯಿ ಅಳಿಸಿಹೋಗುತ್ತದೆ.